ಮೂರರಿಂದ ನಾಲ್ಕರವರೆಗಿನ ಸ್ಟ್ಯಾಂಡ್‌ಬೈ

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ವಿಮಾನ ಕಂಪನಿಗೆ ಹೊಸದಾಗಿ ಪೈಲಟ್ ಆಗಿ ಸೇರಿದವರು ಈಗೀಗ ವರ್ಷಕ್ಕೆ ಒಬ್ಬಿಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಕ್ಯಾಪ್ಟನ್ ಆಗ್ಲಿಕ್ಕೆ ಎಷ್ಟು ವರ್ಷ ಬೇಕು?" ರೋಸ್ಟರ್ ಹೇಗೆ ಓದುವುದು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನು. ಚೆನ್ನಾಗಿ ಹಾರಿಸಿದರೆ ಕ್ಯಾಪ್ಟನ್ ಆಗುತ್ತೇವೆ ಎಂದು ಸೇರಿದ ಹೊಸತರಲ್ಲಿ ನಾನೂ ತಿಳಿದಿದ್ದೆ. ಅದು ಅರ್ಧ ಮಾತ್ರ. ಇನ್ನರ್ಧ, ಕರೆದಾಗ ಕರೆದಲ್ಲಿ ಇರುವುದು. ಈ ಎರಡನೆಯ ಅರ್ಧವನ್ನು ನಾನು ಕಲಿತದ್ದು ಒಂದು ಮಂಗಳವಾರ, ಗುಂಡ್ಯಕ್ಕೂ ಸುಳ್ಯಕ್ಕೂ ನಡುವೆ, ಸ್ನೇಹಿತನ ಬಾಡಿಗೆ ಕಾರಿನ ಎಡಗಡೆ ಸೀಟಿನಲ್ಲಿ ಕೂತು. ವಿಮಾನದಲ್ಲಿ ಎಡಗಡೆ ಸೀಟು ಕ್ಯಾಪ್ಟನ್‌ನದು. ನನಗೆ ಅದು ಇವತ್ತಿಗೂ ಕಾರಿನಲ್ಲಿ ಮಾತ್ರ ಸಿಕ್ಕಿದೆ.

ನಾನು ಈಶ್ವರಮಂಗಲದವನು. ಈ ಕೆಲಸಕ್ಕೆ ಮೊದಲು ಪುತ್ತೂರಿನಲ್ಲಿ ಹಳೆಯ ಬೈಕುಗಳ ದಲ್ಲಾಳಿಯಾಗಿದ್ದೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆ ಎಂಬ ಕಥೆ ಬೇಡ. ದಲ್ಲಾಳಿ ಎಂಬುದನ್ನಷ್ಟೇ ನೆನಪಿಡಿ, ಯಾಕೆಂದರೆ ಮುಂದೆ ಹೇಳುವ ತಪ್ಪು ದಲ್ಲಾಳಿಗೆ ಮಾತ್ರ ಆಗುವ ತಪ್ಪು.

ತಿಂಗಳ ಕೊನೆಗೆ ಮುಂದಿನ ತಿಂಗಳ ರೋಸ್ಟರ್ ಫೋನಿಗೆ ಬರುತ್ತದೆ. ಯಾವ ದಿನ ಯಾವ ಊರಿಗೆ, ಎಷ್ಟು ಗಂಟೆಗೆ ಹಾಜರಿ, ಯಾವ ರಾತ್ರಿ ಹೋಟೆಲು, ಯಾವ ದಿನ ರಜೆ, ಎಲ್ಲ ಅದರಲ್ಲಿರುತ್ತದೆ. ನಮಗೆ ಬೇಕಾದ್ದನ್ನು ಮೊದಲೇ ಕೇಳಿಕೊಳ್ಳಬಹುದು. ಆದರೆ ಕಂಪ್ಯೂಟರ್ ಹಂಚುವುದು ಸೀನಿಯಾರಿಟಿ ನಂಬರಿನ ಪ್ರಕಾರ. ನಿಮಗಿಂತ ಒಂದು ದಿನ ಮೊದಲು ಸೇರಿದವನು ಕೂಡ ನಿಮಗಿಂತ ಮೊದಲು ಬಡಿಸಿಕೊಳ್ಳುತ್ತಾನೆ. ಹೊಸಬರ ಎಲೆಗೆ ಬೀಳುವುದು ಉಳಿದದ್ದು: ಹಬ್ಬದ ದಿನದ ಹಾರಾಟ, ನಸುಕಿನ ಹಾಜರಿ, ಮತ್ತೆ ಸ್ಟ್ಯಾಂಡ್‌ಬೈ. ಸ್ಟ್ಯಾಂಡ್‌ಬೈ ಎಂದರೆ ಹಾರಾಟವಿಲ್ಲ, ರಜೆಯೂ ಅಲ್ಲ. ಯಾರಿಗಾದರೂ ಜ್ವರ ಬಂದರೆ, ಯಾವುದೋ ವಿಮಾನ ತಡವಾಗಿ ಅದರ ಪೈಲಟ್‌ನ ಡ್ಯೂಟಿಯ ಮಿತಿ ಮುಗಿದರೆ, ಆಗ ನಿಮ್ಮನ್ನು ಕರೆಯುತ್ತಾರೆ. ನಮ್ಮ ಕಂಪನಿಯಲ್ಲಿ ಕರೆದ ಒಂದೂವರೆ ಗಂಟೆಯೊಳಗೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹಾಜರಿರಬೇಕು. ಮನೆಯಲ್ಲಿ ಮಲಗಿರಿ, ಸಿನಿಮಾ ನೋಡಿ, ಅವರಿಗೆ ಬೇಕಾದದ್ದು ಆ ಒಂದೂವರೆ ಗಂಟೆ.

ಸ್ಟ್ಯಾಂಡ್‌ಬೈ ಯಾರಿಗೂ ಬೇಡ. ಯಾರಿಗೂ ಬೇಡದ್ದು ಸಿಕ್ಕಿದರೆ ದಲ್ಲಾಳಿಯ ಕೈ ಸುಮ್ಮನಿರುವುದಿಲ್ಲ. ರೋಸ್ಟರ್ ಬಂದ ಮೇಲೆ ಇಬ್ಬರು ಪೈಲಟ್‌ಗಳು ಒಪ್ಪಿ ಡ್ಯೂಟಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ನಾನು ಬೇರೆಯವರ ಸ್ಟ್ಯಾಂಡ್‌ಬೈಗಳನ್ನು ತೆಗೆದುಕೊಂಡು ಅವರ ರಜೆಗಳನ್ನು ಕಿತ್ತುಕೊಳ್ಳುತ್ತಿದ್ದೆ. ಒಂದು ಸ್ಟ್ಯಾಂಡ್‌ಬೈಗೆ ಒಂದು ಭಾನುವಾರ, ಪಾರ್ಟಿ ಅವಸರದಲ್ಲಿದ್ದರೆ ಎರಡು ರಜೆ. ಹೀಗೆ ರಜೆಗಳನ್ನು ಒಟ್ಟು ಹಾಕಿ ನಾಲ್ಕೈದು ದಿನ ಊರಿಗೆ ಬರುತ್ತಿದ್ದೆ. ಹೆಂಡತಿ ಊರಿನ ಶಾಲೆಯಲ್ಲಿ ಟೀಚರ್ ಆದ್ದರಿಂದ ಮನೆಯನ್ನು ಬೆಂಗಳೂರಿಗೆ ಸಾಗಿಸಿರಲಿಲ್ಲ. ಸ್ಟ್ಯಾಂಡ್‌ಬೈಗೆ ಕರೆ ಬರುವುದು ಅಪರೂಪ, ಹಾಗಾಗಿ ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುತ್ತಿದ್ದೇನೆ ಎಂದೇ ನನ್ನ ಲೆಕ್ಕ. ಜೊತೆಯವರು ನನ್ನನ್ನು "ಪುತ್ತೂರು ಸಂತೆ" ಎಂದು ಕರೆಯುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೂ ಇತ್ತು.

ಆಗ ನಾನು ಫಸ್ಟ್ ಆಫೀಸರ್, ಅಂದರೆ ಬಲಗಡೆ ಕೂರುವ ಸಹ ಪೈಲಟ್, ಆಗಿ ಐದನೆಯ ವರ್ಷ. ಬೇಕಾದಷ್ಟು ಹಾರಾಟದ ಗಂಟೆಗಳು ತುಂಬಿದ್ದವು. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಕೈಯಲ್ಲಿತ್ತು. ಎರಡು ತಿಂಗಳಲ್ಲಿ ಕ್ಯಾಪ್ಟನ್ ತರಬೇತಿಯ ಬ್ಯಾಚ್ ಶುರುವಾಗುವುದಿತ್ತು, ನನ್ನ ನಂಬರ್ ಅದರೊಳಗೆ ಬರುತ್ತಿತ್ತು. ಆದರೆ ನಂಬರ್ ಬಂದರೆ ಸಾಲದು. ಹಿಂದಿನ ಹನ್ನೆರಡು ತಿಂಗಳ ಹಾಜರಿ ಸ್ವಚ್ಛವಾಗಿರಬೇಕು. ಅನಾರೋಗ್ಯವೆಂದು ಎರಡು ಸಲ ಹೇಳಬಹುದು, ಮೂರನೆಯದು ಆಗುವುದಿಲ್ಲ. ಡ್ಯೂಟಿಗೆ ಲಭ್ಯನಿರಲಿಲ್ಲ ಎಂಬ ಒಂದೇ ಒಂದು ಷರಾ ಬಿದ್ದರೂ ಆ ಬ್ಯಾಚ್ ಹೋಯಿತು. ನನ್ನ ಎರಡು ಅನಾರೋಗ್ಯ ಆಗಲೇ ಮುಗಿದಿತ್ತು. ಒಂದು ಡೆಂಗೆ. ಇನ್ನೊಂದು, ನಿಜ ಹೇಳಬೇಕೆಂದರೆ, ಭಾವನ ಮನೆಯ ಮದುವೆ.

ಆ ವಾರ ಊರಿಗೆ ಬಂದದ್ದು ಅಣ್ಣನಿಗಾಗಿ. ಅವನಿಗೆ ಪುತ್ತೂರಿನಲ್ಲಿ ಚಪ್ಪಲಿ ಅಂಗಡಿ. ಕಟ್ಟಡದ ಮಾಲೀಕರೊಂದಿಗೆ ಬಾಡಿಗೆಯ ಕರಾರು ಮುಗಿದು ಹೊಸ ಮಾತುಕತೆ ನಡೆಯಬೇಕಿತ್ತು. ನಮ್ಮ ಮನೆಯಲ್ಲಿ ಮಾತುಕತೆ ಎಂದರೆ ನಾನೇ ಬೇಕು. ಶನಿವಾರ ಮುಗಿಯಬೇಕಾದ್ದು ಸೋಮವಾರ ಮಧ್ಯಾಹ್ನದವರೆಗೆ ಎಳೆಯಿತು. ಕೊನೆಗೆ ನಾನು ಹೇಳಿದ ಮಾತಿಗೇ ಮಾಲೀಕರು ಬಂದರು. ಗೆದ್ದ ಖುಷಿಯಲ್ಲಿ ಸೋಮವಾರ ಸಂಜೆಯ ವಿಮಾನ ಹಿಡಿಯಲು ಮಂಗಳೂರಿಗೆ ಹೋದೆ. ನಮಗೆ ಸಿಗುವುದು ಸಿಬ್ಬಂದಿಯ ಟಿಕೆಟ್. ಸೀಟು ಖಾಲಿ ಉಳಿದರೆ ಮಾತ್ರ ಹತ್ತಿಸುತ್ತಾರೆ. ಅಂದು ಖಾಲಿ ಉಳಿಯಲಿಲ್ಲ. ಅದು ಕೊನೆಯ ವಿಮಾನವಾಗಿತ್ತು.

ಇಲ್ಲಿ ಹೊಸಬರಿಗೆ ಒಂದು ಮಾತು. ಸಿಬ್ಬಂದಿ ಟಿಕೆಟನ್ನು ನಂಬಿ ಕೊನೆಯ ವಿಮಾನಕ್ಕೆ ಹೋಗಬೇಡಿ. ಅದರ ಹಿಂದಿನ ಎರಡು ವಿಮಾನಗಳಾದರೂ ನಿಮ್ಮ ಕೈಯಲ್ಲಿರಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರಿಗೆ ಹೇಳಿಯೂ ಇದ್ದೆ.

ಮಂಗಳವಾರ ನನಗಿದ್ದದ್ದು ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗಿನ ಸ್ಟ್ಯಾಂಡ್‌ಬೈ. ಅದೂ ನನ್ನದಲ್ಲ, ಇದೇ ಸೋಮವಾರದ ರಜೆಗೆ ಬದಲಾಗಿ ಇನ್ನೊಬ್ಬನಿಂದ ಕೊಂಡದ್ದು. ಬೆಳಗಿನ ವಿಮಾನಗಳೂ ತುಂಬಿದ್ದವು, ರಾತ್ರಿ ಬಸ್ಸಿನಲ್ಲಿ ಹೋದರೆ ನಿದ್ದೆ ಕೆಡುತ್ತದೆಂದು ಮನೆಗೆ ಮರಳಿದೆ. ನನ್ನ ಜೊತೆ ಶಾಲೆಗೆ ಬಂದ ಸ್ನೇಹಿತನೊಬ್ಬ ಬಾಡಿಗೆ ಕಾರು ಓಡಿಸುತ್ತಾನೆ. ಯಾರನ್ನೋ ಕರೆತರಲು ಅವನು ಮರುದಿನ ಹೇಗೂ ಬೆಂಗಳೂರಿಗೆ ಖಾಲಿ ಹೋಗುವವನಿದ್ದ. ಬೆಳಗ್ಗೆ ನಾಲ್ಕೂವರೆಗೆ ಈಶ್ವರಮಂಗಲ ಬಿಟ್ಟರೆ ಆರೂವರೆಗೆ ಗುಂಡ್ಯ, ಶಿರಾಡಿ ಘಾಟಿ ಹತ್ತಿ ಒಂದು ಗಂಟೆಯೊಳಗೆ ಬೆಂಗಳೂರು. ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ. ಸುಳ್ಯದ ಮೇಲೆ ಹೋಗಬಹುದಿತ್ತು, ನಸುಕಿನಲ್ಲಿ ಮಡಿಕೇರಿಯ ಮಂಜು ಬೇಡವೆಂದು ಈ ದಾರಿ ಆರಿಸಿದೆವು. ಕಾಗದದ ಮೇಲೆ ಎಲ್ಲ ಸರಿ ಇತ್ತು.

ಆರೂವರೆಗೆ ಸರಿಯಾಗಿ ಗುಂಡ್ಯ ಮುಟ್ಟಿದೆವು. ಹೋಟೆಲುಗಳ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಲುಂಗಿ ಎತ್ತಿ ಕಟ್ಟಿ ರಸ್ತೆಯಲ್ಲೇ ಹಲ್ಲುಜ್ಜುತ್ತಿದ್ದರು. ಅದನ್ನು ನೋಡಿಯೇ ಸ್ನೇಹಿತ ಹೇಳಿದ, "ಆಯ್ತು. ಇವತ್ತು ಘಾಟಿ ಬಂದ್."

ಮೇಲಿನ ತಿರುವಿನಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿತ್ತು.

"ತಿರುಗಿಸುವನಾ?" ಎಂದ ಅವನು. "ಸುಬ್ರಹ್ಮಣ್ಯದ ಮೇಲೆ ಸುಳ್ಯಕ್ಕೆ ಹೋಗಿ, ಮಡಿಕೇರಿ ಹತ್ತುವ."

"ನಿಲ್ಲು ಮಾರಾಯ. ಕ್ರೇನ್ ಬಂದಿದೆಯಂತೆ."

"ಕ್ರೇನ್ ಬಂದದ್ದು ಕೆಳಗಿನಿಂದ. ಟ್ಯಾಂಕರ್ ಇರುದು ಮೇಲೆ. ನಡುವೆ ಇರುವ ಲಾರಿಗಳನ್ನು ಯಾರು ನುಂಗುದು?"

ನಾನು ಕೇಳಲಿಲ್ಲ. ಸುತ್ತಿ ಹೋದರೆ ಕೈಯಲ್ಲಿದ್ದ ಎರಡು ಗಂಟೆ ಪೂರ್ತಿ ಹೋಗುತ್ತದೆ, ಕಾದರೆ ಅರ್ಧ ಗಂಟೆಯಲ್ಲಿ ಮುಗಿಯಬಹುದು ಎಂದು ಚೌಕಾಸಿ ಮಾಡುತ್ತಾ ಕೂತೆ. ಹೋಟೆಲಿನವರು ಪ್ರತಿ ಸಲ ಚಹಾ ತಂದಿಡುವಾಗಲೂ, "ಈಗ ಬಿಡ್ತಾರೆ ಸರ್, ಇನ್ನು ಅರ್ಧ ಗಂಟೆ" ಎನ್ನುತ್ತಿದ್ದರು. ಚಹಾ ಮಾರುವವರು ಮತ್ತೇನು ಹೇಳುತ್ತಾರೆ? ನಾನೂ ಎಷ್ಟೋ ಬೈಕುಗಳನ್ನು ಇಂಥದೇ ಮಾತಿನಲ್ಲಿ ಸಾಗಹಾಕಿದವನು. ಆದರೂ ನಂಬಿದೆ. ನಮಗೆ ಬೇಕಾದದ್ದನ್ನೇ ಹೇಳುವವರನ್ನು ನಂಬುವುದು ಸುಲಭ.

ಎಂಟು ಗಂಟೆಗೆ ಸ್ನೇಹಿತ ಬಾಗಿಲಿಗೆ ಒರಗಿ ನಿಂತು ಕೇಳಿದ, "ಒಂದು ವಿಷಯ ಹೇಳು. ವಿಮಾನದಲ್ಲಿಯೂ ನೀನು ಹೀಗೆಯಾ? ಮೇಲೆ ಎಣ್ಣೆ ಮುಗಿಯುವಷ್ಟು ಹೊತ್ತು ಈಗ ಬಿಡ್ತಾರೆ, ಈಗ ಬಿಡ್ತಾರೆ ಅಂತ ಸುತ್ತುದಾ?"

ಅವನು ತಮಾಷೆಗೆ ಹೇಳಿದ್ದು. ನನಗೆ ಅದು ಸರಿಯಾಗಿ ತಾಗಿತು. ವಿಮಾನದಲ್ಲಿ ನಾವು ಹಾಗೆ ಮಾಡುವುದೇ ಇಲ್ಲ. ಹೋಗುವ ಊರಿನಲ್ಲಿ ಇಳಿಯಲಾಗದಿದ್ದರೆ ಬೇರೆ ಯಾವ ಊರು, ಟ್ಯಾಂಕಿನಲ್ಲಿ ಎಷ್ಟು ಇಂಧನ ಉಳಿದಾಗ ಆ ಕಡೆ ತಿರುಗಬೇಕು ಎಂಬುದನ್ನು ಹೊರಡುವ ಮೊದಲೇ ಬರೆದಿಡುತ್ತೇವೆ. ಆ ಅಂಕೆ ಬಂದ ಮೇಲೆ ಚರ್ಚೆಯಿಲ್ಲ. ಮೇಲೆ ಹೋಗಿ ಯೋಚಿಸುವವನ ತಲೆ ಆಸೆಯ ಕಡೆಗೇ ವಾಲುತ್ತದೆಂದು ಆ ಪದ್ಧತಿ. ಐದು ವರ್ಷ ದಿನವೂ ಮಾಡಿದ ಕೆಲಸವನ್ನು ರಸ್ತೆಯ ಮೇಲೆ ಒಂದು ಸಲವೂ ಮಾಡಿರಲಿಲ್ಲ. ಆರು ಮುಕ್ಕಾಲಿಗೆ ತೆರೆಯದಿದ್ದರೆ ತಿರುಗಿಸುವುದು ಎಂದು ಮನೆಯಲ್ಲೇ ಬರೆದುಕೊಂಡಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಎಂಟೂವರೆಗೆ ತಿರುಗಿಸಿದೆವು. ಗುಂಡ್ಯದಿಂದ ಸುಬ್ರಹ್ಮಣ್ಯದ ಕಾಡಿನ ರಸ್ತೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಬೇಕಾದವರಿಗೆ ಫೋನ್ ಮಾಡಲಾಗದೆ, ನಿದ್ದೆ ಮಾಡಲೂ ಆಗದೆ, ಗಡಿಯಾರ ನೋಡುತ್ತಾ ಕೂತಿದ್ದೆ. ಗುತ್ತಿಗಾರಿನ ಮೇಲೆ ಸುಳ್ಯ ಪೇಟೆ ಮುಟ್ಟುವಾಗ ಹತ್ತೂವರೆ. ನಮ್ಮ ಮನೆಯಿಂದ ಸುಳ್ಯಕ್ಕೆ ನೇರ ಬಂದರೆ ಮುಕ್ಕಾಲು ಗಂಟೆ. ನಾವು ಬಂದದ್ದು ಆರು ಗಂಟೆಯಲ್ಲಿ.

"ನಡೆದು ಬಂದಿದ್ರೂ ಇಷ್ಟು ಹೊತ್ತಿಗೆ ಮುಟ್ಟುತ್ತಿದ್ದಿ" ಎಂದು ಸ್ನೇಹಿತ ಹೋಟೆಲಿನ ಮುಂದೆ ಕಾರು ನಿಲ್ಲಿಸಿದ. "ಬಾ, ಎಂತಾದ್ರೂ ತಿನ್ನುವ. ಹಸಿದ ಹೊಟ್ಟೆಯಲ್ಲಿ ನಿನ್ನ ಲೆಕ್ಕ ಸರಿಯಾಗುದಿಲ್ಲ."

ತಟ್ಟೆಯಲ್ಲಿದ್ದ ಅಕ್ಕಿ ಬೆಲ್ಲದ ಕಲ್ತಪ್ಪ ತಣ್ಣಗಾಗುವವರೆಗೆ ನಾನು ಲೆಕ್ಕ ಹಾಕಿದೆ. ಸುಳ್ಯ, ಮಡಿಕೇರಿ, ಮೈಸೂರು, ಬೆಂಗಳೂರು. ವಿಮಾನ ನಿಲ್ದಾಣ ಊರಿನ ಆಚೆ ತುದಿಯಲ್ಲಿ. ಎಷ್ಟು ಓಡಿಸಿದರೂ ಸಂಜೆ ಐದೂವರೆ. ಅದರಿಂದ ಒಂದೂವರೆ ಗಂಟೆ ಕಳೆದರೆ ನಾಲ್ಕು. ಅಂದರೆ ನಾಲ್ಕು ಗಂಟೆಯ ನಂತರ ಕರೆದರೆ ನಾನು ಸಮಯಕ್ಕೆ ಹಾಜರಾಗಬಲ್ಲೆ. ಮೂರರಿಂದ ನಾಲ್ಕರೊಳಗೆ ಕರೆದರೆ ಮಾತ್ರ ಸಿಕ್ಕಿಬೀಳುತ್ತೇನೆ. ಒಂದೇ ಒಂದು ಗಂಟೆ. ಐದು ವರ್ಷದ ಕೆಲಸ ಆ ಒಂದು ಗಂಟೆಯ ಮೇಲೆ ನಿಂತಿತ್ತು.

ಹೆಂಡತಿಗೆ ಫೋನ್ ಮಾಡಿದೆ. ಶಾಲೆಯ ಬಿಡುವಿನಲ್ಲಿದ್ದಳು.

"ಸುಳ್ಯದಲ್ಲಾ? ಈಗಲೂ ಸುಳ್ಯದಲ್ಲೇ ಇದ್ದೀರಾ?" ಎಂದಳು. "ಹಾಗಾದ್ರೆ ಮಧ್ಯಾಹ್ನ ಊಟಕ್ಕೆ ಮನೆಗೇ ಬರಬಹುದಲ್ಲ."

ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ನನ್ನ ಜೊತೆಗೇ ಕಂಪನಿ ಸೇರಿದ, ಅದೇ ಬ್ಯಾಚಿಗೆ ಕಾಯುತ್ತಿದ್ದ ಬೆಂಗಳೂರಿನ ಫಸ್ಟ್ ಆಫೀಸರಿಗೆ ಮಾಡಿದೆ. ನಂಬರಿನಲ್ಲಿ ಅವನು ನನ್ನ ಹಿಂದೆ.

"ಪುತ್ತೂರು ಸಂತೆ ರಸ್ತೆ ಮೇಲೆ ಬಂತಾ!" ಎಂದು ಅವನು ನಕ್ಕ. "ಸುಮ್ನಿರು ಮಗಾ. ಫೋನ್ ಆನ್ ಇಟ್ಕೋ. ಮೂರರಿಂದ ನಾಲ್ಕಕ್ಕೆ ಯಾರು ಕರೀತಾರೆ? ಯಾರಿಗೂ ಹೇಳ್ಬೇಡ."

"ಕರೆದರೆ?"

"ಕರೆದ್ರೆ ಟ್ರಾಫಿಕ್ ಅನ್ನು. ಬೆಂಗಳೂರಲ್ಲಿ ಅದನ್ನ ಯಾರು ನಂಬಲ್ಲ?"

ಅವನ ಸಲಹೆ ವ್ಯವಹಾರದ ದೃಷ್ಟಿಯಲ್ಲಿ ತಪ್ಪಾಗಿರಲಿಲ್ಲ. ಆದರೆ ನನಗೆ ಅದೃಷ್ಟದ ಮೇಲೆ ಬಿಡುವುದು ಒಗ್ಗುವುದಿಲ್ಲ, ಕೈಯಲ್ಲಿ ಕರಾರು ಬೇಕು. ಸ್ಟ್ಯಾಂಡ್‌ಬೈಯನ್ನು ಮಾರಿಬಿಡೋಣ ಎಂದುಕೊಂಡೆ. ಅದೇ ದಿನದ ಅದಲುಬದಲಿಗೆ ಡ್ಯೂಟಿ ಹಂಚುವ ಕಂಟ್ರೋಲ್ ರೂಮಿನ ಒಪ್ಪಿಗೆ ಬೇಕು. ಇಬ್ಬರ ವಿಶ್ರಾಂತಿಯ ಗಂಟೆಗಳೂ ಕಂಪ್ಯೂಟರಿನಲ್ಲಿ ಸರಿ ಕಂಡರೆ ಅವರು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಫೋನಿನಲ್ಲಿ ಹುಡುಕಿದೆ. ಅಂದು ರಜೆಯಿದ್ದು, ನಿಲ್ದಾಣದ ಹತ್ತಿರವೇ ಮನೆಯಿದ್ದು, ಗಂಟೆಗಳೂ ಸರಿಹೊಂದುವವಳು ಒಬ್ಬಳೇ ಸಿಕ್ಕಿದಳು. ಮೈಸೂರು ಕಡೆಯ ಹುಡುಗಿ, ಫಸ್ಟ್ ಆಫೀಸರ್ ಆಗಿ ಸೇರಿ ಒಂಬತ್ತು ತಿಂಗಳು. ಇನ್ನೂ ಪ್ರೊಬೇಷನ್.

ಐದಾರು ಸಲ ಫೋನ್ ಹೊಡೆದುಕೊಂಡ ಮೇಲೆ ಎತ್ತಿದಳು.

"ಹೇಳಿ ಸರ್."

ವಿಷಯ ಹೇಳಿದೆ. ಮಾತು ಶುರುವಾಗುವುದು ಒಂದು ಭಾನುವಾರದಿಂದ ಎಂದು ಮನಸ್ಸಿನಲ್ಲಿತ್ತು. ಎರಡಕ್ಕೆ ಏರುತ್ತಾಳೆ, ಹಬ್ಬದ ರಜೆ ಕೇಳಿದರೂ ಕೊಡುವುದು ಎಂದು ತೀರ್ಮಾನಿಸಿದ್ದೆ. "ಒಂದು ಭಾನುವಾರ ಕೊಡ್ತೇನೆ" ಎಂದೆ.

"ಆಯ್ತು ಸರ್, ಮಾಡ್ತೀನಿ."

ಅಷ್ಟೇ. ನಾನು ಗೆದ್ದಿದ್ದೆ. ಎದುರಿಗೆ ಕೂತ ಸ್ನೇಹಿತನಿಗೆ ಹೆಬ್ಬೆರಳು ತೋರಿಸಿಯೂ ಆಯಿತು. ಆದರೆ ಏನೋ ಸರಿಯಿರಲಿಲ್ಲ. ಹತ್ತು ವರ್ಷ ಬೈಕು ಮಾರಿದ ಅನುಭವದಲ್ಲಿ ಹೇಳುತ್ತೇನೆ, ಮೊದಲ ಮಾತಿಗೇ ಒಪ್ಪುವ ಮನುಷ್ಯನಿಲ್ಲ. ಚೌಕಾಸಿ ಮಾಡದೆ ಒಪ್ಪಿದರೆ ಒಂದೋ ಗಾಡಿ ಕದ್ದದ್ದು, ಇಲ್ಲವೇ ಆತನಿಗೆ ಬೇಡ ಎನ್ನುವ ಧೈರ್ಯ ಇಲ್ಲ. ಹಾಗೆ ಬೇಡ ಎನ್ನಲಾಗದೆ ಒಪ್ಪಿದವರಿಂದ ಬೈಕು ಕೊಂಡದ್ದೂ ಉಂಟು ನಾನು. ಅವರ ಮುಖಗಳು ನೆನಪಿವೆ.

"ನಿನ್ನೆ ಯಾವ ಡ್ಯೂಟಿ?" ಎಂದು ಕೇಳಿದೆ.

"ಲ್ಯಾಂಡ್ ಆದಾಗ ಒಂದು ಗಂಟೆ ಆಗಿತ್ತು ಸರ್, ರಾತ್ರಿ. ಮನೆಗೆ ಬರೋವಾಗ ಎರಡೂವರೆ. ಅದಕ್ಕೆ ಹಿಂದಿನ ಮೂರು ದಿನ ಬೆಳಗಿನ ಡ್ಯೂಟಿ ಇತ್ತಲ್ಲ, ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಮನೆ ಕಟ್ತಾ ಇದ್ದಾರೆ, ಏಳು ಗಂಟೆಯಿಂದ ಡ್ರಿಲ್ಲಿಂಗು."

"ಮತ್ತೆ ಎಷ್ಟೊತ್ತಿಗೆ ಮಲಗಿದ್ದಿ?"

"ಈಗ, ಒಂಬತ್ತೂವರೆಗೆ ಹೇಗೋ ಹತ್ತಿತ್ತು." ಆಮೇಲೆ ಅವಸರದಿಂದ, "ಪರವಾಗಿಲ್ಲ ಸರ್, ಕಂಪ್ಯೂಟರಲ್ಲಿ ರೆಸ್ಟ್ ಸರಿಯಾಗತ್ತೆ, ನೋಡ್ಕೊಂಡೆ."

"ಬೇಡ ಅನ್ನಬಹುದಿತ್ತಲ್ಲ."

"ನೀವು ಮುಂದಿನ ಬ್ಯಾಚಲ್ಲಿ ಕ್ಯಾಪ್ಟನ್ ಆಗೋರು ಅಂತ ಎಲ್ಲರೂ ಹೇಳ್ತಾರೆ ಸರ್. ಮುಂದೆ ನಿಮ್ಮ ಜೊತೆಗೇ ಹಾರ್ಬೇಕು. ಹೇಗೆ ಬೇಡ ಅನ್ನೋದು?"

ನಾನು ಕೊಂಡದ್ದು ಅವಳ ರಜೆಯನ್ನಲ್ಲ. ಅವಳಿಗೆ ಒಂದು ಗಂಟೆ ಹಿಂದಷ್ಟೇ ಹತ್ತಿದ ನಿದ್ದೆಯನ್ನು. ಅದನ್ನೂ ನಾನು ಕೊಟ್ಟ ಬೆಲೆಗಲ್ಲ, ನಾನಿನ್ನೂ ಆಗಿರದ ಕ್ಯಾಪ್ಟನ್‌ನ ಹೆದರಿಕೆಗೆ. ಅವಳನ್ನು ಕರೆದರೆ ನೂರೆಂಬತ್ತು ಜನರನ್ನು ಕೂರಿಸಿಕೊಂಡು ಹೊರಡುತ್ತಾಳೆ. ಅವಳ ವಿಶ್ರಾಂತಿಯ ಲೆಕ್ಕ ಕಂಪ್ಯೂಟರಿನಲ್ಲಿ ಹಸಿರು ಬಣ್ಣದಲ್ಲಿ ಕಾಣುತ್ತದೆ. ನನ್ನದೂ ಹಾಗೆಯೇ. ಕಂಪ್ಯೂಟರಿನ ಪ್ರಕಾರ ನಾನು ನಾಲ್ಕು ದಿನ ವಿಶ್ರಾಂತಿಯಲ್ಲಿರುವ ಮನುಷ್ಯ. ನಿಜದಲ್ಲಿ ಬೆಳಗ್ಗೆ ನಾಲ್ಕಕ್ಕೆ ಎದ್ದು, ಆರು ಗಂಟೆ ಕಾರಿನಲ್ಲಿ ಕೂತು, ಇನ್ನೂ ಏಳು ಗಂಟೆ ಕೂರಲು ಹೊರಟವನು. ಸಂಜೆ ಐದೂವರೆಗೆ ಕರೆದಿದ್ದರೆ ಸಮಯಕ್ಕೆ ಸರಿಯಾಗಿ ಹಾಜರಾಗಿ ನಾನೂ ಹೀಗೆಯೇ ಹಾರುತ್ತಿದ್ದೆ. ಮೂರರಿಂದ ನಾಲ್ಕು ಎಂಬ ಒಂದು ಗಂಟೆಯನ್ನೇ ನೋಡುತ್ತಿದ್ದವನಿಗೆ ಆ ಇಡೀ ದಿನ ಕಂಡದ್ದು ಆಗಲೇ.

"ಮಲಗು. ಅದಲುಬದಲು ಬೇಡ. ಎಬ್ಬಿಸಿದ್ದಕ್ಕೆ ಬೇಜಾರು ಮಾಡ್ಬೇಡ" ಎಂದೆ.

"ನೀವೇನು ಮಾಡ್ತೀರಾ ಸರ್?"

"ಅದು ನನಗಿರಲಿ."

ಫೋನ್ ಇಟ್ಟ ಮೇಲೆ ಸ್ನೇಹಿತ ನನ್ನ ಮುಖ ನೋಡಿದ. "ಎಂತ, ಪಾರ್ಟಿ ಜಾರಿತಾ?"

"ಇಲ್ಲ. ನಾನೇ ಬಿಟ್ಟೆ."

"ನೀನಾ? ಬಿಟ್ಟದ್ದಾ?" ಅವನು ತಿನ್ನುವುದನ್ನು ನಿಲ್ಲಿಸಿದ. "ಜ್ವರ ಉಂಟಾ ನೋಡು ಮಾರಾಯ."

ಕಾರಿಗೆ ಬಂದು, ಗಾಜು ಏರಿಸಿ, ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಆ ದಿನ ರೋಸ್ಟರ್ ನೋಡಿಕೊಳ್ಳುತ್ತಿದ್ದವನು ಹಾಸನದ ಹುಡುಗ. ಇದ್ದದ್ದನ್ನು ಕ್ರಮವಾಗಿ ಹೇಳಿದೆ: ಘಾಟಿ ಬಂದ್, ನಾನು ಸುಳ್ಯದಲ್ಲಿದ್ದೇನೆ, ನಾಲ್ಕರವರೆಗೆ ನಿಮ್ಮ ಒಂದೂವರೆ ಗಂಟೆಯ ಅಳತೆಯಲ್ಲಿ ಇರುವುದಿಲ್ಲ. ನಾಲ್ಕರ ಮೇಲೆ ಕರೆದರೆ ಸಮಯಕ್ಕೆ ತಲುಪಬಲ್ಲೆ, ಆದರೆ ದಿನವಿಡೀ ರಸ್ತೆಯಲ್ಲಿದ್ದು ಹಾರುವ ಸ್ಥಿತಿಯಲ್ಲಿ ಇರುವುದಿಲ್ಲ. ಇಂದಿನ ಸ್ಟ್ಯಾಂಡ್‌ಬೈಯಿಂದ ತೆಗೆದು ಬೇರೆಯವರನ್ನು ಹಾಕಿ.

ಅವನ ಕೀಬೋರ್ಡಿನ ಸದ್ದು ನಿಂತಿತು. "ಸರ್, ನೀವು ಬ್ಯಾಚ್ ಲಿಸ್ಟಲ್ಲಿದ್ದೀರಲ್ವಾ?"

"ಹೌದು."

"ಇದನ್ನ ನಾನು ಏನಂತ ಹಾಕ್ಲಿ ಸರ್? ಹುಷಾರಿಲ್ಲ ಅಂತ ಹಾಕಿದ್ರೆ..."

"ಅದು ಮೂರನೆಯದಾಗ್ತದೆ. ಎರಡೂ ಒಂದೇ. ಇದ್ದದ್ದು ಇದ್ದ ಹಾಗೆ ಹಾಕು."

"ಲಭ್ಯ ಇಲ್ಲ ಅಂತಾನೇ ಬರತ್ತೆ ಸರ್."

"ಬರಲಿ."

ಸ್ಟ್ಯಾಂಡ್‌ಬೈಗೆ ನಾಲ್ಕು ಗಂಟೆ ಮುಂಚೆಯೇ ಹೇಳಿದ್ದಕ್ಕೆ ಅವನು ಥ್ಯಾಂಕ್ಸ್ ಹೇಳಿದ. ಮರುದಿನ ಹನ್ನೊಂದಕ್ಕೆ ಬೇಸ್ ಕ್ಯಾಪ್ಟನ್‌ರನ್ನು ಕಾಣಬೇಕೆಂದು ಅರ್ಧ ಗಂಟೆಯಲ್ಲೇ ಮೆಸೇಜ್ ಬಂತು. ಬೆಂಗಳೂರಿನ ಪೈಲಟ್‌ಗಳಿಗೆಲ್ಲ ಅವರೇ ಮೇಲಿನವರು. ನಮ್ಮ ಮೇಲಿನ ಷರಾಗಳೆಲ್ಲ ಅವರ ಮೇಜಿಗೆ ಬರುತ್ತವೆ.

"ಈಗ ಬೆಂಗಳೂರಿಗಾ, ಮನೆಗಾ?" ಎಂದು ಸ್ನೇಹಿತ ಕೀ ತಿರುಗಿಸದೆ ಕೇಳಿದ. ಮನೆ ಮುಕ್ಕಾಲು ಗಂಟೆಯ ದಾರಿ. ಬೆಂಗಳೂರು ಏಳು. "ಬೆಂಗಳೂರಿಗೆ" ಎಂದೆ. ಸಂಪಾಜೆ ದಾಟುವ ಮೊದಲೇ ನನಗೆ ನಿದ್ದೆ ಬಂದಿತ್ತು. ಎಚ್ಚರವಾದಾಗ ಮೈಸೂರು ಕಳೆದಿತ್ತು. ಹಾರುವ ಸ್ಥಿತಿಯಲ್ಲಿಲ್ಲ ಎಂದು ನಾನು ಹೇಳಿದ್ದು ಸುಳ್ಳಲ್ಲ ಎಂದು ನನಗೇ ಖಾತ್ರಿಯಾಯಿತು.

ಬೇಸ್ ಕ್ಯಾಪ್ಟನ್ ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿನ್ನೆ ಆ ಸ್ಟ್ಯಾಂಡ್‌ಬೈಗೆ ಯಾರಿಗೂ ಫೋನೇ ಹೋಗಲಿಲ್ಲ, ಗೊತ್ತೇನಯ್ಯ?" ಎಂದರು. "ಮೂರರಿಂದ ನಾಲ್ಕಕ್ಕೂ ಇಲ್ಲ, ಒಂಬತ್ತರವರೆಗೂ ಇಲ್ಲ. ಸುಮ್ಮನಿದ್ದಿದ್ದರೆ ನಮಗೆ ತಿಳೀತಾನೇ ಇರಲಿಲ್ಲ."

ಕನ್ನಡಕ ಮತ್ತೆ ಹಾಕಿಕೊಂಡು ಕಂಪ್ಯೂಟರಿನ ಕಡೆ ತಿರುಗಿದರು.

"ಈ ಬ್ಯಾಚ್ ಇಲ್ಲ."

"ಸರ್, ಮುಂದಿನದರಲ್ಲಿ ನನ್ನ ಹೆಸರು ಮೊದಲು ಅಂತ ಬರೆದು ಕೊಡ್ಲಿಕ್ಕೆ..."

"ಇಲ್ಲೂ ಚೌಕಾಸಿನಾ?" ಎಂದು ನಕ್ಕರು. "ಷರಾ ಹಾಕೋದು ನನ್ನ ಕೆಲಸ, ಹಾಕಿದೀನಿ. ಇದ್ದಲ್ಲಿಂದ ನಿಜ ಹೇಳಿದ್ದಾನೆ ಅಂತಾನೂ ಕೆಳಗೆ ಬರೆದಿದೀನಿ. ಅದಕ್ಕೆ ಕಂಪ್ಯೂಟರಲ್ಲಿ ಯಾವ ಕಾಲಮ್ಮೂ ಇಲ್ಲ. ಹೋಗು."

ಇದರಿಂದ ನಿಜವಾಗಿ ಏನು ಹೋಯಿತೆಂದು ಹೊಸಬರು ತಿಳಿದಿರಬೇಕು. ಫಸ್ಟ್ ಆಫೀಸರುಗಳ ಪಟ್ಟಿಯಲ್ಲಿ ನನ್ನ ನಂಬರ್ ಹಾಗೆಯೇ ಉಳಿಯಿತು. ಆದರೆ ಕ್ಯಾಪ್ಟನ್‌ಗಳಿಗೆ ಬೇರೆಯೇ ಪಟ್ಟಿ. ಅಲ್ಲಿ ಯಾರು ಮೊದಲು ಎಡಗಡೆ ಕೂತರೋ ಅವರು ಮುಂದೆ. ನನ್ನ ಹಿಂದಿದ್ದವರು ಆ ಬ್ಯಾಚಿನಲ್ಲಿ ಹೋದರು. ಅದರ ನಂತರ ಕಂಪನಿ ಇನ್ನೊಂದು ಬ್ಯಾಚ್ ಕರೆದಿಲ್ಲ. ನಾನು ನಾಳೆ ಕ್ಯಾಪ್ಟನ್ ಆದರೂ ಹಬ್ಬದ ರಜೆಯನ್ನು, ಒಳ್ಳೆಯ ಹಾರಾಟವನ್ನು ನನಗಿಂತ ಮೊದಲು ಅವರೇ ಆರಿಸಿಕೊಳ್ಳುತ್ತಾರೆ. ಕಂಪನಿ ಬಿಡುವವರೆಗೂ ಹಾಗೆಯೇ. ಬೇಗ ಕ್ಯಾಪ್ಟನ್ ಮಾಡುತ್ತೇವೆಂದು ಬೇರೆ ಕಂಪನಿಯವರು ಕರೆದರು, ಹೋಗಲಿಲ್ಲ. ಹೋದರೆ ಎಲ್ಲ ಪಟ್ಟಿಗಳಲ್ಲೂ ಕೊನೆಯಿಂದ ಶುರು, ಯಾವ ಊರಿನಿಂದ ಹಾರಬೇಕು ಎಂಬುದೂ ಅವರ ಇಷ್ಟ. ಬಾಯಿಮಾತಿನ ಭರವಸೆಗೆ ಹಳೆಯ ನಂಬರ್ ಬಿಡಬೇಡಿ. ಹೋಗುವುದೇ ಆದರೆ ಬರೆಸಿಕೊಂಡು ಹೋಗಿ.

ಸುಳ್ಯದಿಂದ ಫೋನ್ ಮಾಡಿದ್ದೆನಲ್ಲ, ಆ ಬೆಂಗಳೂರಿನವನು ಈಗ ಕ್ಯಾಪ್ಟನ್. ತಿಂಗಳಿಗೆ ಒಂದೆರಡು ಸಲ ಅವನ ಬಲಗಡೆ ಕೂರುತ್ತೇನೆ. "ಚೆಕ್‌ಲಿಸ್ಟ್ ಓದಪ್ಪ" ಎನ್ನುತ್ತಾನೆ, ಓದುತ್ತೇನೆ. ಕೆಟ್ಟವನಲ್ಲ. ಒಂದು ಸಲ ಮೇಲೆ ಹಾರುತ್ತಿರುವಾಗ ಕೇಳಿದ, "ಆವತ್ತು ಸುಮ್ನಿದ್ದಿದ್ರೆ ಈ ಸೀಟು ನಿಂದೇ ಅಲ್ವಾ?" ಹೌದೆಂದೆ. ನಷ್ಟದ ವ್ಯಾಪಾರವನ್ನು ಲಾಭವೆಂದು ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತದೆ ಎಂದು ಈ ಕಥೆಯಿಂದ ಯಾರೂ ತಿಳಿಯಬೇಡಿ. ನನಗೆ ಆಗಲಿಲ್ಲ.

ಈಗ ಸ್ಟ್ಯಾಂಡ್‌ಬೈ ಇದ್ದರೆ ಹಿಂದಿನ ದಿನವೇ ಬೆಂಗಳೂರಿನಲ್ಲಿರುತ್ತೇನೆ. ಊರಿನ ಒಂದು ದಿನ ಪ್ರತಿ ಸಲ ಹಾಳು. ಗುಂಡ್ಯದಲ್ಲಿ ಸ್ನೇಹಿತ ಗೇಲಿ ಮಾಡುತ್ತಾನೆ, "ನಾಳೆಯ ಕೆಲಸಕ್ಕೆ ಇವತ್ತೇ ಹೋಗುದು ನೀನೊಬ್ಬನೇ." ಅದಲುಬದಲು ಬಿಟ್ಟಿಲ್ಲ, ಬಿಡಲಾಗುವುದಿಲ್ಲ. ಆದರೆ ಬೆಲೆ ಮಾತಾಡುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಎಲ್ಲಿದ್ದಿ, ಎಷ್ಟು ಹೊತ್ತು ಮಲಗಿದ್ದಿ? ಕೇಳಿ ಕೇಳಿ ಅದು ಉಳಿದವರ ಬಾಯಿಗೂ ಬಂದಿದೆ.

ಕಳೆದ ತಿಂಗಳು ನನಗೆ ಒಂದು ದಿನ ಬೇಗ ಊರಿಗೆ ಹೋಗಬೇಕಿತ್ತು. ರಾತ್ರಿಯ ಡ್ಯೂಟಿ ಮುಗಿಸಿ ಬಂದಿದ್ದೆ. ಮರುದಿನದ ಸ್ಟ್ಯಾಂಡ್‌ಬೈ ಕೊಟ್ಟು ಆ ಸಂಜೆಯ ಒಂದು ಹಾರಾಟ ತೆಗೆದುಕೊಂಡರೆ ಕೆಲಸವಾಗುತ್ತಿತ್ತು. ಆ ಹಾರಾಟ ಇದ್ದದ್ದು ಮೈಸೂರಿನ ಅದೇ ಹುಡುಗಿಯ ಬಳಿ. ಈಗ ಅವಳ ಪ್ರೊಬೇಷನ್ ಮುಗಿದು ಬಹಳ ದಿನವಾಗಿದೆ. ಫೋನ್ ಮಾಡಿ ವಿಷಯ ಹೇಳಿದೆ.

"ಎಲ್ಲಿದ್ದೀರಾ ಸರ್?" ಎಂದಳು.

"ಇಲ್ಲೇ, ಬೆಂಗಳೂರಿನಲ್ಲಿ."

"ಎಷ್ಟು ಹೊತ್ತು ಮಲಗಿದ್ರಿ?"

"ಮೂರು ಗಂಟೆ. ಮೂರೂವರೆ ಅಂತ ಹಿಡಿ."

"ಆಗಲ್ಲ ಸರ್."

"ಒಂದು ಭಾನುವಾರ ಕೊಡ್ತೇನೆ."

"ಇಲ್ಲ ಸರ್."

"ಎರಡು."

"ನೀವು ವರ್ಷದ ಭಾನುವಾರ ಎಲ್ಲ ಕೊಟ್ರೂ ಇಲ್ಲ. ಮಲಗಿ ಸರ್" ಎಂದು ಫೋನ್ ಇಟ್ಟಳು.

ಬೈಕಿನ ದಿನಗಳಿಂದ ಇಂದಿನವರೆಗೆ ಇಷ್ಟು ಬೇಗ ಮುರಿದ ವ್ಯಾಪಾರ ನನಗೆ ನೆನಪಿಲ್ಲ. ಇನ್ನೊಬ್ಬರಿಗೆ ಮಾಡೋಣವೆಂದು ಹೆಸರುಗಳನ್ನು ಸ್ವಲ್ಪ ಹೊತ್ತು ಮೇಲೆ ಕೆಳಗೆ ಸರಿಸಿದೆ. ಆಮೇಲೆ ಫೋನನ್ನು ಮಗುಚಿ ಇಟ್ಟು, ಕಿಟಕಿಯ ಪರದೆ ಎಳೆದು ಮಲಗಿದೆ.